ಇರುವೆ ಬರುವ ತನಕ

ಜಿರಳೆ ಕಂಡರೆ ನಾನು ಕೂತಲ್ಲಿ ಕೂರುವವಳಲ್ಲ. ಊಟ ಮಾಡುತ್ತಿದ್ದರೆ ಎದ್ದುಬಿಡುತ್ತೇನೆ, ಮಾತಾಡುತ್ತಿದ್ದರೆ ಮಾತನ್ನು ಅಲ್ಲೇ ಬಿಟ್ಟು ಪೊರಕೆ ಹಿಡಿಯುತ್ತೇನೆ. ಬೇರೆ ಊರಿನಲ್ಲಿ ಹುಟ್ಟಿದ್ದರೆ ವಾರಕ್ಕೊಂದು ಡಬ್ಬ ಔಷಧಿ ಹೊಡೆದು ಹಾಯಾಗಿರುತ್ತಿದ್ದೆನೋ ಏನೋ. ನಮ್ಮ ಊರಿನಲ್ಲಿ ಅದು ಆಗುವ ಮಾತಲ್ಲ. ಇಲ್ಲಿ ಮನೆಯೊಳಗೆ ಔಷಧಿ ಹೊಡೆದರೆ, ಆ ಹೊತ್ತಿಗೆ ಹೊರಗೆ ಹೋಗಿರುವ ಮನೆಯವರಿಗೆ ಮನೆಯ ದಾರಿ ತಪ್ಪುತ್ತದೆ. ಇರುವೆಗಳು ಮತ್ತೆ ಸಾಲು ಹಿಡಿದು ಆ ಮನೆಯ ಒಲೆಯ ತನಕ ಬರುವವರೆಗೆ ಅವರೂ ಬರುವುದಿಲ್ಲ.

ತಪ್ಪುವುದೆಂದರೆ ಬುದ್ಧಿ ಕೆಡುವುದಲ್ಲ. ತಮ್ಮ ಹೆಸರು, ಕೆಲಸ, ಮನೆಯವರ ಮುಖ, ನಿನ್ನೆ ತಿಂದ ಪಲ್ಯ, ಎಲ್ಲ ನೆನಪಿರುತ್ತದೆ. ಮನೆಯೊಂದೇ ಸಿಗುವುದಿಲ್ಲ. ಕೈಹಿಡಿದು ತಂದು ಬಾಗಿಲಲ್ಲಿ ನಿಲ್ಲಿಸಿದರೂ "ಇದಲ್ಲ" ಎಂದು ತಿರುಗಿ ನಡೆದುಬಿಡುತ್ತಾರೆ. ನಡೆಯುತ್ತಲೇ ಇರುತ್ತಾರೆ, ಕೂರಿಸಿದರೆ ಕೂರುವವರಲ್ಲ. ನಡೆದು ನಡೆದು ಸೋತ ಮೇಲೆ, ಹಿಂದೆಂದಾದರೂ ಬದುಕಿದ್ದ ಬೇರೊಂದು ಮನೆಯ ಮುಂದೆ ಇರುವೆ ಸಾಲು ಕಂಡರೆ ಅದೇ ತಮ್ಮ ಮನೆ ಅನ್ನಿಸಿ ಒಳಗೆ ಹೋಗಿಬಿಡುತ್ತಾರೆ. ಬಡಗಿಗಳ ಬೀದಿಯ ಒಬ್ಬಾತ ಹಾಗೆಯೇ ತನ್ನ ಹಳೆಯ ಬಾಡಿಗೆ ಮನೆ ಹೊಕ್ಕು, ಅಲ್ಲಿರುವವರನ್ನು ಇವತ್ತಿಗೂ "ನೀವು ಯಾವಾಗ ಹೊರಡ್ತೀರಿ?" ಎಂದು ಕೇಳುತ್ತಿರುತ್ತಾನೆ.

ಅದಕ್ಕೇ ನಾವೆಲ್ಲ ಬೇರೆ ಉಪಾಯಗಳಲ್ಲಿ ಬದುಕುತ್ತೇವೆ. ಮಲಗುವ ಮುಂಚೆ ಸಿಂಕು ಒರೆಸಿ ಒಣಗಿಸುವುದು, ಬಚ್ಚಲಿನ ತೂತಿಗೆ ಜಾಲರಿ ಮುಚ್ಚುವುದು, ಗೋಡೆಯ ಬಿರುಕಿಗೆ ಸುಣ್ಣ ಮೆತ್ತುವುದು, ಸಕ್ಕರೆ ಡಬ್ಬವನ್ನು ನೀರಿನ ತಟ್ಟೆಯಲ್ಲಿಡುವುದು, ಬಾಟಲಿಯ ಕುತ್ತಿಗೆಗೆ ಒಳಗಡೆ ಎಣ್ಣೆ ಸವರಿ ತಳಕ್ಕೆ ಬಾಳೆಹಣ್ಣಿನ ಸಿಪ್ಪೆ ಹಾಕಿ ಜಿರಳೆ ಹಿಡಿಯುವುದು. ಪೂರ್ತಿ ಸೋತವರು ಇರುವೆ ಚಾಕ್ ಗೀಚುತ್ತಾರೆ. ಅದರಿಂದ ದಾರಿ ತಪ್ಪುವುದು ಅಷ್ಟಿಷ್ಟು. ಪಕ್ಕದ ಮನೆ ಹೊಕ್ಕು, ನಾಲಿಗೆ ಕಚ್ಚಿಕೊಂಡು ವಾಪಸು ಬರುವಷ್ಟು. ಔಷಧಿ ಮಾರುವ ಅಂಗಡಿ ಊರಿಗೆಲ್ಲ ಒಂದೇ. ಅಂಗಡಿಯವನು ಡಬ್ಬ ಕೈಗೆ ಕೊಡುವ ಮುಂಚೆ ತಪ್ಪದೆ ಕೇಳುತ್ತಾನೆ: "ಎಲ್ಲರೂ ಮನೆಗೆ ಬಂದ್ರಾ?" ಬಂದರು ಅಂದರೆ ಕೊಡುತ್ತಾನೆ. ಎಲ್ಲರನ್ನೂ ಒಳಗೆ ಕೂರಿಸಿಕೊಂಡು, ಬಾಗಿಲು ಹಾಕಿ, ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಹೊಡೆದರೆ ಯಾರಿಗೂ ದಾರಿ ತಪ್ಪುವುದಿಲ್ಲ. ಆಮೇಲೆ ಮನೆಮಂದಿಯೆಲ್ಲ ಕೆಮ್ಮಿಕೊಂಡು ಓಡಾಡುತ್ತಾರೆ, ಅಷ್ಟೇ.

ನಮ್ಮ ಮನೆಯಲ್ಲಿ ನಾನು, ನನ್ನ ಗಂಡ ಚಂದ್ರಮೌಳಿ, ಅತ್ತೆ ಅನಸೂಯಮ್ಮ, ಜೊತೆಗೆ ನಾದಿನಿ ಕುಮುದ. ಕುಮುದಳನ್ನು ಇದೇ ಊರಿನ ಗಡಿಯಾರದ ಬೀದಿಯ ರಮಾಕಾಂತನಿಗೆ ಕೊಟ್ಟಿತ್ತು. ಅವನು ಹೊಡೆಯುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಇವಳನ್ನು ಒಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಿದ್ದ. ಒಂದು ದಿನ ಬೀಗ ಸರಿಯಾಗಿ ಕಚ್ಚಿಕೊಳ್ಳಲಿಲ್ಲ. ಇವಳು ಒಂದು ಚೀಲ ಹಿಡಿದು ಬಂದುಬಿಟ್ಟಳು. ಆಗಿನಿಂದ ನಮ್ಮಲ್ಲೇ ಇದ್ದಾಳೆ, ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಅತ್ತೆ ಮಾತ್ರ ಬಂದವರಿಗೆಲ್ಲ, "ಹೀಗೇ ಬಂದಿದಾಳೆ, ನಾಲ್ಕು ದಿನ ಇದ್ದು ಹೋಗ್ತಾಳೆ" ಎಂದು ಎರಡು ವರ್ಷದಿಂದ ಹೇಳಿಕೊಂಡು ಬಂದಿದ್ದರು. ಕಪಾಟಿನಲ್ಲಿ ಅವಳಿಗೊಂದು ಗೂಡು ಖಾಲಿ ಮಾಡಿಕೊಟ್ಟವರಿಲ್ಲ. ಬಟ್ಟೆಯೆಲ್ಲ ಬಂದ ಚೀಲದಲ್ಲೇ, ಮಂಚದ ಕೆಳಗೆ.

ಅವಳು ಬಂದ ಹೊಸದರಲ್ಲಿ ಅತ್ತೆ ಒಮ್ಮೆ ಅಡುಗೆಮನೆಗೆ ಚಾಕ್ ಗೀಚಿದರು. ಆ ಸಂಜೆ ನನ್ನ ಗಂಡ ಆಫೀಸಿನಿಂದ ಸೀದಾ ಎದುರುಮನೆಯ ನಬೀಸಾ ಅವರಲ್ಲಿಗೆ ಹೋಗಿ, ಕೈಕಾಲು ತೊಳೆದು, "ಕಾಫಿ ತಾರೇ" ಎಂದು ಕೂತುಬಿಟ್ಟರು. ನಬೀಸಾ ಕಾಫಿ ಕೊಟ್ಟೇ ಕಳಿಸಿದರು. ಬೀದಿಯೆಲ್ಲ ನಕ್ಕಿದ್ದೇ ನಕ್ಕಿದ್ದು. ಅದೇ ಸಂಜೆ ಕುಮುದ ಒಂದು ಹೆಜ್ಜೆಯೂ ಆಚೀಚೆ ಆಗದಂತೆ ನೆಟ್ಟಗೆ ನಮ್ಮ ಮನೆಗೆ ಬಂದಳು. ಅತ್ತೆ ಅವಳನ್ನು ನೋಡಿ, "ಸೀದಾ ಬಂದ್ಯಲ್ಲೇ. ಕೊಟ್ಟ ಮೇಲೆ ಮುಗೀತು ನೋಡು, ನೀನು ಈ ಮನೆಯವಳಲ್ಲ" ಎಂದರು. ತಮಾಷೆಗೆ ಅಂದದ್ದೋ ನಿಜಕ್ಕೆ ಅಂದದ್ದೋ ಗೊತ್ತಿಲ್ಲ. ಎಲ್ಲರೂ ನಗುತ್ತಿದ್ದೆವು. ಕುಮುದ ಒಬ್ಬಳೇ ನಗದೆ ಹೋಗಿ ಪಾತ್ರೆ ತೊಳೆಯಲು ನಿಂತಳು. ಅವತ್ತಿನಿಂದ ನಾನು ನಮ್ಮ ಮನೆಗೆ ಚಾಕ್ ತರಿಸಲಿಲ್ಲ.

ಈ ಸಲದ ರಗಳೆ ಶುರುವಾದದ್ದು ಶೇಷಗಿರಿ ಮಾವನಿಂದ. ಇವರು ಅತ್ತೆಯ ತಮ್ಮ, ಪರ ಊರಿನವರು. ಹೋದ ಸಲ ಊಟಕ್ಕೆ ಬಂದಾಗ ಅವರ ಮಜ್ಜಿಗೆ ಲೋಟದಲ್ಲಿ ಜಿರಳೆ ಬಿದ್ದಿತ್ತು. ಅದನ್ನು ಅವರು ನೆಂಟರಿಷ್ಟರಿಗೆಲ್ಲ ಮೀಸೆಯ ಉದ್ದದ ಸಮೇತ ವರ್ಣಿಸಿದ್ದರು. ಈಗ ಭಾನುವಾರ ಮತ್ತೆ ಊಟಕ್ಕೆ ಬರುತ್ತೇನೆಂದು ಫೋನ್ ಮಾಡಿದರು. ನಾನು ಎಷ್ಟು ಒರೆಸಿದರೂ, ಎಷ್ಟು ಬಾಟಲಿ ಇಟ್ಟರೂ ಆ ದಿನಗಳಲ್ಲಿ ಜಿರಳೆ ಕಡಿಮೆಯಾಗಿರಲಿಲ್ಲ. ಸಿಂಕಿನ ಕೆಳಗಿನಿಂದ ಹಗಲಲ್ಲೇ ಹೊರಬರುತ್ತಿದ್ದವು. ಶನಿವಾರ ಬೆಳಿಗ್ಗೆ ಕುಮುದ ಅಂಗಡಿಗೆ ಹೋದ ಸ್ವಲ್ಪ ಹೊತ್ತಿಗೆ ಅತ್ತೆ ಹೊರಗಿನಿಂದ ಬಂದರು. ಕೈಯಲ್ಲಿ ಔಷಧಿ ಡಬ್ಬ.

"ಚಂದ್ರ ಮನೇಲೇ ಇದಾನೆ, ನೀನೂ ಇದೀಯ. ಬಾಗಿಲು ಹಾಕು ವಾರಿಜ."

"ಕುಮುದ ಬರ್ಲಿ ಅತ್ತೆ, ಸಂಜೆ ಹೊಡೆಯೋಣ."

"ಸಂಜೆ ಹೊಡೆದ್ರೆ ನಾಳೆ ಊಟದ ಹೊತ್ತಿಗೆ ವಾಸನೆ ಹೋಗಲ್ಲ. ಅವಳಿಗೇನಾಗತ್ತೆ? ಅವತ್ತು ಚಾಕ್ ಹಾಕಿದಾಗ ನೋಡ್ಲಿಲ್ವಾ? ಅವಳು ನಮ್ಮನೆ ಲೆಕ್ಕಕ್ಕೆ ಬರಲ್ಲ."

"ಅಂಗಡಿಯವನು ಕೇಳ್ಲಿಲ್ವಾ?"

"ಕೇಳ್ದ. ಎಲ್ಲರೂ ಬಂದಿದಾರೆ ಅಂದೆ."

ನನ್ನ ಗಂಡನ ಮುಖ ನೋಡಿದೆ. ಅವರು ಪೇಪರು ಮಡಚುತ್ತಾ, "ಅಮ್ಮ ಹೇಳೋದೂ ಸರಿಯೇ" ಎಂದರು. ನಾನು ಇನ್ನೂ ಬಾಯಿ ತೆರೆಯುವಷ್ಟರಲ್ಲಿ ಅಡುಗೆಮನೆಯಿಂದ ಬುಸ್ಸೆಂದು ಸದ್ದು ಬಂತು. ಬೇರೆ ದಾರಿಯಿಲ್ಲದೆ ಸೆರಗು ಒದ್ದೆ ಮಾಡಿಕೊಂಡು ಮೂಗಿಗೆ ಹಿಡಿದೆ.

ಆ ದಿನವೆಲ್ಲ ನನ್ನ ಕಾಲು ಒಂದು ಕಡೆ ನಿಲ್ಲಲಿಲ್ಲ. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಗೇಟಿಗೆ. ಸತ್ತ ಜಿರಳೆ ಗುಡಿಸಿ ಹಾಕಿದೆ, ಅದೂ ಖುಷಿ ಕೊಡಲಿಲ್ಲ. ಸಂಜೆ ಕುಮುದ ಬರುವ ಹೊತ್ತಾಯಿತು, ಆ ಹೊತ್ತು ದಾಟಿತು. ಬೀದಿಯ ದೀಪಗಳು ಹತ್ತಿಕೊಂಡಾಗ ಅವಳು ಕಂಡಳು. ನಮ್ಮ ಗೇಟಿನ ಮುಂದೆಯೇ ಬಂದಳು, ಗೇಟನ್ನೊಮ್ಮೆ ನೋಡಿದಳು, ಮುಂದೆ ಹೋದಳು. ಬೀದಿಯ ಕೊನೆ ಮುಟ್ಟಿ ಮತ್ತೆ ತಿರುಗಿ ಬಂದಳು, ಮತ್ತೆ ಮುಂದೆ ಹೋದಳು. ಗಂಡ ಓಡಿಹೋಗಿ ಅವಳ ಕೈಹಿಡಿದು ಕರೆತಂದು ಮೆಟ್ಟಿಲ ಮುಂದೆ ನಿಲ್ಲಿಸಿದರು.

"ಯಾರ ಮನೆಗೆ ಕರ್ಕೊಂಡು ಬಂದೆ ಅಣ್ಣ?" ಎಂದಳು ಕುಮುದ. ಆಮೇಲೆ ನನ್ನನ್ನು ನೋಡಿ, "ಅತ್ತಿಗೆ, ನೀವೂ ಇಲ್ಲೇ ಇದೀರಾ? ಮನೇಲಿ ಔಷಧಿ ಹೊಡೆದ್ರಾ?" ಎಂದಳು. ಅವಳ ಮುಖ ಏನೋ ಒಂಥರಾ ಆಯಿತು. ಅಳು ಬಂತು ಅಂದುಕೊಂಡೆ. ನಮ್ಮ ಕೈ ಬಿಡಿಸಿಕೊಂಡು ಬೀದಿಗೆ ಇಳಿದಳು.

ಅತ್ತೆ ಹೊಸ್ತಿಲಲ್ಲೇ ನಿಂತಿದ್ದರು. "ಹೇಗಾಯ್ತು ಇದು? ಇವಳು ನಮ್ಮ ಲೆಕ್ಕ..." ಎಂದವರು ಅಲ್ಲಿಗೇ ನಿಲ್ಲಿಸಿದರು. ಆಮೇಲೆ ತಮಗೇ ಸಮಾಧಾನ ಹೇಳಿಕೊಳ್ಳುವಂತೆ, "ಹೋದ್ರೆ ಎಲ್ಲಿಗೆ ಹೋಗ್ತಾಳೆ? ಗಡಿಯಾರದ ಬೀದಿಗೆ ತಾನೇ. ಎಷ್ಟಾದ್ರೂ ಗಂಡನ ಮನೆ. ಒಳ್ಳೇದಕ್ಕೇ ಆಯ್ತೋ ಏನೋ" ಎಂದರು.

ನನಗೆ ಮೈಯೆಲ್ಲ ಉರಿದುಹೋಯಿತು. "ಅವನು ಬೀಗ ಹಾಕಿಕೊಂಡ್ರೆ ಅವಳು ಮತ್ತೆ ಆಚೆ ಬರೋದು ಹೆಣವಾಗಿಯೇ. ಅದೂ ಒಳ್ಳೇದೇನು?" ಎಂದೆ. ಅತ್ತೆಗೆ ಹಾಗೆ ಎದುರಾಡಿದ್ದು ಅದೇ ಮೊದಲು. ಅವರು ಒಳಗೆ ಹೋದರು.

ದಾರಿ ತಪ್ಪಿದವರಿಗೆಂದು ನಮ್ಮ ಊರಿನಲ್ಲಿ ಒಂದು ಛತ್ರವಿದೆ. ಅದಕ್ಕೆ ಅಡುಗೆಮನೆಯಿಲ್ಲ, ಆದ್ದರಿಂದ ಇರುವೆಯೂ ಇಲ್ಲ. ರಾತ್ರಿ ನನ್ನ ಗಂಡ ಅವಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಬಾಗಿಲಿಗೆ ಅಡ್ಡ ಮಲಗಿದರು. ಬೆಳಕು ಹರಿದದ್ದೇ ಅವಳು ನಡೆಯತೊಡಗಿದಳು, ಇವರೂ ಪಕ್ಕದಲ್ಲಿ ನಡೆದರು. ಅತ್ತ ರಮಾಕಾಂತನಿಗೆ ಸುದ್ದಿ ಮುಟ್ಟಿತ್ತು. ಅವನು ಬೆಳಿಗ್ಗೆಯೇ ತನ್ನ ಹೊಸ್ತಿಲಿಗೆ ಸಕ್ಕರೆ ಸುರಿದು, ಇರುವೆ ಸಾಲು ಹಿಡಿಯುವುದನ್ನು ಕಾಯುತ್ತ ಕುರ್ಚಿ ಹಾಕಿಕೊಂಡು ಕೂತಿದ್ದಾನೆಂದು ನಬೀಸಾ ಬಂದು ಹೇಳಿದರು.

"ಬೇಗ ಮಾಡಿ ವಾರಿಜಮ್ಮ. ಇರುವೆ ನಮ್ಮನೇಲಿ ಬೇಕಾದಷ್ಟಿದಾವೆ, ಕಳಿಸ್ತೀನಿ" ಎಂದರು ಅವರು. ಇರುವೆ ಕೇಳಿದವರಿಗೆ ಇಲ್ಲವೆನ್ನುವ ಪದ್ಧತಿ ನಮ್ಮಲ್ಲಿಲ್ಲ. ಆದರೆ ಡಬ್ಬದಲ್ಲಿ ತುಂಬಿ ತಂದು ಸುರಿದ ಇರುವೆ ನಿಲ್ಲುವುದಿಲ್ಲ, ದಾರಿಯನ್ನು ಅವೇ ಹಾಕಿಕೊಳ್ಳಬೇಕು. ನಬೀಸಾ ತಮ್ಮ ಗೋಡೆಯ ಬುಡದಿಂದ ಬೆಲ್ಲದ ನೀರು ಚಿಮುಕಿಸುತ್ತಾ ರಸ್ತೆ ದಾಟಿ ನಮ್ಮ ಗೇಟಿನ ತನಕ ತಂದರು. ಎರಡು ಕಡೆಯೂ ಇಟ್ಟಿಗೆಯಿಟ್ಟು ಸೈಕಲ್ಲು, ಗಾಡಿಗಳು ಸುತ್ತಿಕೊಂಡು ಹೋಗುವಂತೆ ಮಾಡಿದರು.

ಒಳಗೆ ನಾನು ಮತ್ತು ಅತ್ತೆ. ಔಷಧಿಯ ನಾತ ಇರುವ ಕಡೆ ಇರುವೆ ಕಾಲಿಡುವುದಿಲ್ಲ. ಡಬ್ಬ, ಪಾತ್ರೆ, ತಟ್ಟೆಗಳನ್ನೆಲ್ಲ ಅಂಗಳಕ್ಕೆ ಸಾಗಿಸಿದೆವು. ಗೂಡುಗಳಲ್ಲಿ ಹಾಸಿದ್ದ ಹಳೆ ಪೇಪರುಗಳನ್ನು ಎಳೆದೆಳೆದು ಹಾಕಿದೆವು, ಅವುಗಳ ಹಿಂದೆ ಜಿರಳೆ ಮೊಟ್ಟೆಗಳು ಹುರುಳಿಕಾಳಿನ ಹಾಗೆ ಅಂಟಿಕೊಂಡಿದ್ದವು. ಸೋಪಿನ ನೀರು, ಬಿಸಿನೀರು, ಮತ್ತೆ ಸೋಪಿನ ನೀರು. ಅತ್ತೆ ಮಂಡಿಯೂರಿ ನೆಲ ಉಜ್ಜುತ್ತಿದ್ದರು. ಅವರ ಮಂಡಿ ನೋವಿನ ಕಥೆಯನ್ನು ದಿನಾ ಕೇಳುವವಳು ನಾನು. ಅವತ್ತು ಅವರು ಆ ಮಾತೇ ಎತ್ತಲಿಲ್ಲ. ಉಜ್ಜುತ್ತ ಉಜ್ಜುತ್ತ ಒಮ್ಮೆ ಮಾತ್ರ, "ಬೀಗದ ವಿಷಯ ಅವಳು ನಂಗೆ ಬಾಯಿಬಿಟ್ಟು ಹೇಳ್ಲೇ ಇಲ್ಲ ಕಣೇ" ಎಂದರು.

"ಹೇಳಿದ್ಳು ಅತ್ತೆ. ಗಂಡಸರು ಹಾಗೇನೇ ಅಂದ್ರಿ ನೀವು."

ಅವರು ಬ್ರಷ್ಷು ಬಕೆಟ್ಟಿನಲ್ಲಿ ಅದ್ದಿ ಮತ್ತೆ ಉಜ್ಜತೊಡಗಿದರು.

ಈ ಗದ್ದಲದ ನಡುವೆ ಮಧ್ಯಾಹ್ನವಾಗಿ, ಇಸ್ತ್ರಿ ಮಾಡಿದ ಪಂಚೆಯುಟ್ಟು ಶೇಷಗಿರಿ ಮಾವ ಬಂದರು. ಅಷ್ಟು ಹೊತ್ತಿಗೆ ಮೊದಲ ಇರುವೆಗಳು ನಮ್ಮ ಹೊಸ್ತಿಲು ಮುಟ್ಟಿದ್ದವು. ಮಾವ ಚಪ್ಪಲಿ ಬಿಟ್ಟು ಬಲಗಾಲು ಎತ್ತಿದ್ದೇ ತಡ, ಅತ್ತೆ ಒಳಗಿನಿಂದ ಚೀರಿದರು. "ಶೇಷೂ! ಕಾಲಿಡ್ಬೇಡ ಕಣೋ! ತುಳಿದ್ರೆ ನೋಡು ಮತ್ತೆ!"

ಮಾವ ಒಂಟಿಕಾಲಲ್ಲಿ ನಿಂತುಬಿಟ್ಟರು. ಅವರನ್ನು ಹೊರಗಿನ ಮೆಟ್ಟಿಲ ಮೇಲೇ ಕೂರಿಸಿ, ಅಂಗಳದ ರಾಶಿಯಿಂದ ಒಂದು ತಟ್ಟೆ ಆರಿಸಿ ತೊಳೆದು, ನಬೀಸಾ ಕೊಟ್ಟ ಅನ್ನ, ಮೊಸರು ಬಡಿಸಿದೆ. ಸ್ವಲ್ಪ ಹೊತ್ತಿಗೆ ಅವರು, "ಅಕ್ಕ, ಇದರಲ್ಲಿ ಇರುವೆ ಬಿದ್ದಿದೆ" ಎಂದರು.

"ಬೀಳ್ಲಿ. ಅದನ್ನ ಎತ್ತಿ ಕೆಳಗೆ ಬಿಟ್ಟು ನೀನು ತಿನ್ನು" ಎಂದರು ಅತ್ತೆ. ನನಗೆ ಆ ಹೊತ್ತಿನಲ್ಲೂ ನಗು ಬಂತು.

ಆದರೆ ಸಾಲು ನಡುಮನೆ ದಾಟಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತುಬಿಟ್ಟಿತು. ಮುಂದಿನ ಇರುವೆಗಳು ಮೀಸೆಯಾಡಿಸಿ ಹಿಂದಕ್ಕೆ ತಿರುಗುತ್ತಿದ್ದವು. ಎಲ್ಲೋ ಇನ್ನೂ ಔಷಧಿ ಉಳಿದಿದೆ. ಎಲ್ಲಿ? ಗೋಡೆ ಮೂಸಿದೆ, ಕಟ್ಟೆ ಮೂಸಿದೆ, ನನ್ನ ಮೂಗಿಗೆ ಸೋಪು ಬಿಟ್ಟರೆ ಬೇರೇನೂ ಹತ್ತಲಿಲ್ಲ. ಕೂರಲಾರದೆ, ನಿಲ್ಲಲಾರದೆ ಬೀದಿಗೆ ಓಡಿದೆ.

ಗಡಿಯಾರದ ಬೀದಿಯ ಮೂಲೆಯಲ್ಲಿ ಇಬ್ಬರೂ ಸಿಕ್ಕರು. ಕುಮುದ ಲೈಟು ಕಂಬವನ್ನು ಎರಡು ಕೈಯಲ್ಲೂ ತಬ್ಬಿಕೊಂಡಿದ್ದಳು. ನನ್ನ ಗಂಡ ಅವಳ ತೋಳು ಹಿಡಿದು ರಸ್ತೆಗೆ ಅಡ್ಡ ನಿಂತಿದ್ದರು. ಅವರ ಹಿಮ್ಮಡಿ ಒಡೆದು ಚಪ್ಪಲಿಗೆ ರಕ್ತ ಮೆತ್ತಿತ್ತು. ಅಲ್ಲಿಂದಲೇ ಕಾಣುವಷ್ಟು ದೂರದಲ್ಲಿ ರಮಾಕಾಂತ ಕುರ್ಚಿಯ ಮೇಲೆ ಕಾಲಮೇಲೆ ಕಾಲು ಹಾಕಿ ಕೂತಿದ್ದ. ಅವನ ಹೊಸ್ತಿಲಿನಲ್ಲಿ ಇರುವೆ ಸಾಲು ಕಪ್ಪು ದಾರದ ಹಾಗೆ ಎದ್ದು ಕಾಣುತ್ತಿತ್ತು.

"ಅತ್ತಿಗೆ, ಕಾಲು ಅತ್ತಲೇ ಎಳೀತಿದೆ" ಎಂದಳು ಕುಮುದ. "ಅದು ನಮ್ಮನೆ ಅಲ್ಲ ಅಂತ ಗೊತ್ತು. ಆದ್ರೂ ಅದೇ ಅನ್ನಿಸ್ತಿದೆ. ನಂಗೆ ಭಯ ಆಗ್ತಿದೆ, ಬಿಡಬೇಡಿ ಅತ್ತಿಗೆ."

ನಾನು ಅವಳನ್ನು ಬಾಚಿ ತಬ್ಬಿಕೊಂಡೆ. ನನಗೂ ಭಯವಾಗಿತ್ತು. ಏನು ಹೇಳಲೂ ತೋಚದೆ, "ಎಲ್ಲಾ ತೊಳೆದ್ವಿ ಕುಮುದ, ಎಲ್ಲಾ ಉಜ್ಜಿದ್ವಿ. ಇರುವೆ ಬಾಗಿಲ ತನಕ ಬಂದು ನಿಂತುಬಿಟ್ಟಿದಾವೆ" ಎಂದೆ.

ಅವಳು ನನ್ನ ಹೆಗಲಿನಿಂದ ಮುಖ ಎತ್ತಿದಳು. "ಸಿಂಕಿನ ಕೆಳಗೆ, ಗೋಡೆಗೆ ಪೈಪು ಹೋಗೋ ತೂತಿದೆಯಲ್ಲ, ಅದಕ್ಕೆ ಅಮ್ಮ ಪೇಪರು ತುರುಕಿದಾರೆ. ಪೈಪು ಸೋರತ್ತೆ, ಪೇಪರು ಯಾವಾಗ್ಲೂ ಒದ್ದೆ. ಅಣ್ಣನಿಗೆ ಹೇಳ್ತಾನೇ ಇದ್ದೆ, ನೋಡ್ತೀನಿ ಬಿಡು ಅಂತಿದ್ದ. ಜಿರಳೆಯೆಲ್ಲ ಅಲ್ಲಿಂದಾನೇ ಬರೋದು. ಅಲ್ಲಿ ನೋಡಿದ್ರಾ?"

ಮನೆಯ ದಾರಿ ತಿಳಿಯದವಳು ಮನೆಯ ಮೂಲೆಮೂಲೆಯನ್ನೂ ಹೇಳುತ್ತಿದ್ದಳು. ನನ್ನ ಗಂಡ ತಲೆ ತಗ್ಗಿಸಿದರು. ಅವರನ್ನು ಬೈಯಲು ಪುರಸೊತ್ತಿರಲಿಲ್ಲ. ಸೀರೆ ಎತ್ತಿಕಟ್ಟಿ ಓಡಿದೆ.

ಸಿಂಕಿನ ಕೆಳಗೆ ಕೈಹಾಕಿ ತೂತಿನಿಂದ ಪೇಪರು ಎಳೆದೆ. ಹಿಡಿಹಿಡಿಯಾಗಿ ಬಂತು, ಔಷಧಿ ಕುಡಿದು ನೆನೆದು ಮುದ್ದೆಯಾಗಿತ್ತು, ನಾತಕ್ಕೆ ಕಣ್ಣು ಉರಿಯಿತು. ಜೊತೆಗೆ ಬದುಕಿದ್ದ ಜಿರಳೆಗಳು ಮೊಣಕೈ ತನಕ ಹತ್ತಿದವು. ಬೇರೆ ದಿನವಾಗಿದ್ದರೆ ಬೀದಿಗೆ ಕೇಳುವಂತೆ ಕಿರುಚುತ್ತಿದ್ದೆ. ಒಮ್ಮೆ ಕೈ ಕೊಡವಿ ಮತ್ತೆ ಒಳಗೆ ಹಾಕಿದೆ. ಅತ್ತೆ ಬಿಸಿನೀರು ಸುರಿದರು. ಪೈಪು ಮಾತ್ರ ತೊಟ್ಟಿಕ್ಕುತ್ತಲೇ ಇತ್ತು. ಇಷ್ಟು ಹೊತ್ತು ಮೆಟ್ಟಿಲ ಮೇಲೆ ಕೂತು ಬಿಟ್ಟ ಬಾಯಿ ಬಿಟ್ಟಂತೆ ನೋಡುತ್ತಿದ್ದ ಶೇಷಗಿರಿ ಮಾವ ಎದ್ದು, ಇರುವೆ ಸಾಲನ್ನು ಜಾಗ್ರತೆಯಾಗಿ ದಾಟಿ ಬಂದರು. "ಹಳೇ ಸೈಕಲ್ ಟ್ಯೂಬಿದ್ರೆ ಕೊಡಮ್ಮ" ಎಂದರು. ಇಸ್ತ್ರಿ ಪಂಚೆಯಲ್ಲೇ ನೆಲಕ್ಕೆ ಅಂಗಾತ ಮಲಗಿ, ಪೈಪಿನ ಸಂದಿಗೆ ಟ್ಯೂಬಿನ ಪಟ್ಟಿ ಬಿಗಿದು ಸುತ್ತಿದರು. ತೊಟ್ಟಿಕ್ಕುವುದು ನಿಂತಿತು. ತೂತಿಗೆ ನಾನು ಸುಣ್ಣ, ಸಿಮೆಂಟು ಕಲಸಿ ಮೆತ್ತಿದೆ. ಆಮೇಲೆ ಎಲ್ಲರೂ ಗೋಡೆಗೆ ಒರಗಿ, ನೆಲ ನೋಡುತ್ತ ಕೂತೆವು.

ಒಂದು ಇರುವೆ ಬಾಗಿಲು ದಾಟಿತು. ನಿಂತಿತು. ಹಿಂದಕ್ಕೆ ಹೋಯಿತು. ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು. ಅದು ಇನ್ನೊಂದನ್ನು ಕರೆದುಕೊಂಡು ಬಂತು, ಅದರ ಹಿಂದೆ ಮತ್ತಷ್ಟು. ನೆಲದಿಂದ ಕಟ್ಟೆಗೆ, ಕಟ್ಟೆಯಿಂದ ಒಲೆಯ ಬದಿಗಿಟ್ಟ ಬೆಲ್ಲದ ಚೂರಿಗೆ. ಅತ್ತೆ ಕೈಮುಗಿದುಬಿಟ್ಟರು. ಇರುವೆಗೆ ಕೈಮುಗಿಯುವುದನ್ನು ನಾನು ನೋಡಿದ್ದು ಅವತ್ತೇ. ನನ್ನ ಕೈಯೂ ಸುಮ್ಮನಿರಲಿಲ್ಲ.

ಗೇಟಿನ ಸದ್ದಾಯಿತು. ಕುಮುದ ಒಬ್ಬಳೇ ಮುಂದೆ, ಹೆಚ್ಚುಕಡಿಮೆ ಓಡುತ್ತಾ ಬಂದಳು. ನನ್ನ ಗಂಡ ಬಹಳ ಹಿಂದೆ ಕುಂಟುತ್ತಿದ್ದರು. ಅವಳು ಹೊಸ್ತಿಲಿನ ಇರುವೆಗಳನ್ನು ದಾಟಿ, ಕಾಲೂ ತೊಳೆಯದೆ ನೇರ ಅಡುಗೆಮನೆಗೆ ಬಂದು, ಬಗ್ಗಿ ಸಿಂಕಿನ ಪೈಪಿಗೆ ಬೆರಳಿಟ್ಟು ನೋಡಿದಳು. ಒಣಗಿತ್ತು. ಅಲ್ಲೇ ಕುಸಿದು ಕೂತಳು.

ಅತ್ತೆ ಅವಳ ಪಕ್ಕ ಕೂತು, "ತಪ್ಪಾಯ್ತು ಕಣೇ. ಬೀದೀಲಿ ಅಲೆಯೋ ಹಾಗೆ ಮಾಡ್ದೆ ನಿನ್ನ. ಎಷ್ಟು ಅತ್ತಿದೀಯೋ ಏನೋ" ಎಂದರು.

"ಅಳು ಬಂತಮ್ಮ" ಎಂದಳು ಕುಮುದ. "ನಿನ್ನೆ ಸಂಜೆ ಬೀದೀಲಿ ಬರ್ತಾ ಇದ್ದೆ, ಮನೆ ಎಲ್ಲಿ ಅಂತ ಗೊತ್ತಾಗ್ಲಿಲ್ಲ. ಇನ್ನೊಂದು ಸಲ ಹೋಗಿ ಬಂದೆ, ಆಗ್ಲೂ ಗೊತ್ತಾಗ್ಲಿಲ್ಲ. ಮನೇಲಿ ಔಷಧಿ ಹೊಡೆದಿದಾರೆ ಅಂತ ಹೊಳೀತು. ಹಾಗಾದ್ರೆ ನಂಗೂ ದಾರಿ ತಪ್ಪಿತು ಅಂತ ಬೀದಿಗಿಳಿದು ಅತ್ತುಬಿಟ್ಟೆ. ಸಂತೋಷಕ್ಕೆ."

ನಾನು ಕಣ್ಣೊರೆಸಿಕೊಂಡು ಅನ್ನಕ್ಕಿಡಲು ಎದ್ದೆ. ಅತ್ತೆ ಎದ್ದು ಕೋಣೆಗೆ ಹೋದರು. ಮಂಚದ ಕೆಳಗಿನಿಂದ ಚೀಲ ಎಳೆಯುವ ಸದ್ದು, ಕಪಾಟಿನ ಬಾಗಿಲು ತೆರೆಯುವ ಸದ್ದು ಕೇಳಿಸಿದವು. ಅಂಗಳದ ಡಬ್ಬ, ಪಾತ್ರೆಗಳನ್ನೆಲ್ಲ ಒಳಗೆ ತರುವಷ್ಟರಲ್ಲಿ ಕತ್ತಲಾಗಿತ್ತು. ಮಾವ ಅಂದು ಉಳಿದುಕೊಂಡರು. ಅತ್ತೆ ಬೀದಿ ಬಾಗಿಲು ಹಾಕಲು ಹೋದವರು ಅಗುಳಿಯ ಮೇಲೆ ಕೈಯಿಟ್ಟು ತಿರುಗಿ ನಿಂತರು.

"ಎಲ್ಲರೂ ಬಂದ್ರಾ?" ಎಂದು ಕೂಗಿದರು.

ಸಿಂಕು ಒರೆಸುತ್ತಿದ್ದ ಕುಮುದ ಬಟ್ಟೆ ಹಿಂಡಿ ಹರವಿ, "ಬಂದಿದೀನಮ್ಮ, ಹಾಕು" ಎಂದಳು.